ಓಪನ್‌ಬಿಎಸ್‌ಡಿಯಲ್ಲಿ ವೈಫೈ ಕಾಣಿಸುತ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಪ್‌ಟಾಪ್‌ಗೆ ಓಪನ್‌ಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿದವರು ಮೊದಲು ಕೇಳುವುದು ವೈಫೈ ಬಗ್ಗೆಯೇ. ಸ್ಕ್ರೀನ್ ಬಂತು, ಕೀಬೋರ್ಡ್ ಬಂತು, ಸೌಂಡ್ ಕೂಡ ಬಂತು, ವೈಫೈ ಮಾತ್ರ ಇಲ್ಲ. ಕೂಡಲೇ ಮೊಬೈಲ್ ತೆಗೆದು ಹುಡುಕುತ್ತಾರೆ. ಯಾವುದೋ ಲಿನಕ್ಸ್ ಪುಟ ಸಿಗುತ್ತದೆ. ಅಲ್ಲಿರುವ ಕಮಾಂಡ್‌ಗಳನ್ನೆಲ್ಲ ಒಂದೊಂದಾಗಿ ಹೊಡೆಯುತ್ತಾರೆ. ಅಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ತೊಂದರೆ ಎಲ್ಲಿದೆ ಅಂತ ಕಂಪ್ಯೂಟರ್ ಬೂಟ್ ಆಗುವಾಗಲೇ ಹೇಳಿರುತ್ತದೆ. ಆ ಸಾಲುಗಳನ್ನು ಯಾರೂ ಓದುವುದಿಲ್ಲ, ಅಷ್ಟೇ.

ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರ. ಹೆಚ್ಚಿನವಕ್ಕೆ ರೂಟ್, ಅಂದರೆ ಯಂತ್ರದ ಯಜಮಾನನ ಅಧಿಕಾರ ಬೇಕು.

ಓಪನ್‌ಬಿಎಸ್‌ಡಿ ಅಂದರೆ ಲಿನಕ್ಸ್‌ನ ಇನ್ನೊಂದು ಬಗೆ ಅಲ್ವಾ?

ಅಲ್ಲ. 1995ರಲ್ಲಿ ಥಿಯೋ ಡಿ ರಾಟ್ ಅವರು ನೆಟ್‌ಬಿಎಸ್‌ಡಿಯಿಂದ ಕವಲು ಒಡೆದು ಶುರು ಮಾಡಿದ ಬೇರೆಯೇ ಆಪರೇಟಿಂಗ್ ಸಿಸ್ಟಂ ಇದು. ಸುಮಾರು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ನೀವು ಸರ್ವರ್‌ಗಳಿಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಹುಟ್ಟಿದ್ದು ಇವರ ಕೈಯಲ್ಲೇ. ಕರ್ನಲ್, ಅಂದರೆ ಸಿಸ್ಟಂನ ತಿರುಳು, ಬೇರೆ. ಹಾರ್ಡ್‌ವೇರ್ ಓಡಿಸುವ ಡ್ರೈವರ್‌ಗಳೂ ಬೇರೆ. ಹಾಗಾಗಿ ಲಿನಕ್ಸ್‌ನ ವೈಫೈ ಸಲಹೆಗಳು ಇಲ್ಲಿ ನಡೆಯುವುದಿಲ್ಲ.

ವೈಫೈ ಇಲ್ಲ. ಮೊದಲು ಏನು ನೋಡಬೇಕು?

'ಐಎಫ್‌ಕಾನ್ಫಿಗ್ ಡಬ್ಲ್ಯೂಲ್ಯಾನ್' ಅಂತ ಕೊಡಿ. ಯಾವ ಕಂಪನಿಯ ಕಾರ್ಡ್ ಆದರೂ ಸರಿ, ಗುರುತಿಸಿದ ವೈರ್‌ಲೆಸ್ ಕಾರ್ಡ್‌ಗಳನ್ನೆಲ್ಲ ಓಪನ್‌ಬಿಎಸ್‌ಡಿ ಈ ಹೆಸರಿನ ಗುಂಪಿಗೆ ಸೇರಿಸುತ್ತದೆ. ಏನಾದರೂ ಬಂದರೆ ಕಾರ್ಡ್ ಗುರುತು ಸಿಕ್ಕಿದೆ, ನಿಮ್ಮ ತೊಂದರೆ ಬೇರೆ ಕಡೆ ಇದೆ.

ಲಿನಕ್ಸ್ ಅಥವಾ ಫ್ರೀಬಿಎಸ್‌ಡಿಯಿಂದ ಬಂದವರು ಇಲ್ಲಿ 'ಡಬ್ಲ್ಯೂಲ್ಯಾನ್0' ಹುಡುಕುತ್ತಾರೆ. ಇಲ್ಲಿ ಹಾಗೆ ಹೆಸರಿಡುವುದಿಲ್ಲ. ಕಾರ್ಡ್‌ಗೆ ಅದರ ಡ್ರೈವರ್ ಹೆಸರೇ ಹೆಸರು. ಇಂಟೆಲ್ 8265 ಕಾರ್ಡ್ 'ಐಡಬ್ಲ್ಯೂಎಂ0' ಆಗುತ್ತದೆ, ಎಎಕ್ಸ್200 ಕಾರ್ಡ್ 'ಐಡಬ್ಲ್ಯೂಎಕ್ಸ್0' ಆಗುತ್ತದೆ. ಡಬ್ಲ್ಯೂಲ್ಯಾನ್ ಅನ್ನುವುದು ಗುಂಪಿನ ಹೆಸರು ಮಾತ್ರ.

ಗುಂಪು ಖಾಲಿ ಇದ್ದರೆ ಬೂಟ್ ಸಾಲುಗಳನ್ನು ಓದಿ. 'ಡಿಎಂಇಎಸ್‌ಜಿ' ಕಮಾಂಡ್ ಕೊಟ್ಟರೆ ಬರುತ್ತವೆ. ಆದರೆ ಅದರಲ್ಲಿ ಹಿಂದಿನ ಬೂಟ್‌ಗಳ ಸಾಲುಗಳೂ ಬೆರೆತಿರಬಹುದು. ಈ ಸಲದ್ದು ಮಾತ್ರ ಬೇಕಾದರೆ 'ವಾರ್' ಒಳಗಿನ 'ರನ್' ಡೈರೆಕ್ಟರಿಯಲ್ಲಿ 'ಡಿಎಂಇಎಸ್‌ಜಿ.ಬೂಟ್' ಫೈಲ್ ಇದೆ, ಅದನ್ನು ತೆಗೆದು ಓದಿ. ನಿಧಾನವಾಗಿ ಓದಿ, ಎಲ್ಲ ಅರ್ಥ ಆಗಬೇಕಿಲ್ಲ. ನೆಟ್‌ವರ್ಕ್, ವೈರ್‌ಲೆಸ್, ಇಂಟೆಲ್, ಅಥೆರೋಸ್, ರಿಯಲ್‌ಟೆಕ್, ಬ್ರಾಡ್‌ಕಾಂ, ಮೀಡಿಯಾಟೆಕ್ ಅನ್ನುವ ಪದಗಳಿರುವ ಸಾಲುಗಳ ಮೇಲೆ ಕಣ್ಣಿಡಿ. ಆ ಸಾಲು ಹೇಗೆ ಮುಗಿಯುತ್ತದೆ ಅನ್ನುವುದರ ಮೇಲೆ ಮುಂದಿನದ್ದೆಲ್ಲ ನಿಂತಿದೆ.

ಸಾಲಿನ ಕೊನೆಯಲ್ಲಿ 'ನಾಟ್ ಕಾನ್ಫಿಗರ್ಡ್' ಅಂತಿದೆ. ಹಾಗಂದರೆ ಸೆಟ್ಟಿಂಗ್ ಮಾಡಬೇಕಾ?

ಇಲ್ಲ. ಹೆಚ್ಚು ಜನ ದಾರಿ ತಪ್ಪುವುದು ಇಲ್ಲೇ. ನೀವು ಯಾವುದೋ ಸೆಟ್ಟಿಂಗ್ ಬಾಕಿ ಇಟ್ಟಿದ್ದೀರಿ ಅಂತ ಇದರ ಅರ್ಥ ಅಲ್ಲ. ಕರ್ನಲ್ ಆ ಸ್ಲಾಟ್‌ನಲ್ಲಿ ಕಾರ್ಡ್ ಇರುವುದನ್ನು ಕಂಡಿದೆ, ಅದರ ನಂಬರ್ ಓದಿದೆ, ತನ್ನ ಹತ್ತಿರ ಇರುವ ಡ್ರೈವರ್‌ಗಳನ್ನೆಲ್ಲ ಕೇಳಿದೆ. ಯಾರೂ 'ಇದು ನನ್ನದು' ಅನ್ನಲಿಲ್ಲ. ಅಂದರೆ ಈ ಆವೃತ್ತಿಯಲ್ಲಿ ಆ ಚಿಪ್‌ಗೆ ಡ್ರೈವರ್ ಇಲ್ಲ.

ಯಾವ ಕಮಾಂಡ್ ಕೊಟ್ಟರೂ, ಏನು ಡೌನ್‌ಲೋಡ್ ಮಾಡಿದರೂ ಇದು ಬದಲಾಗುವುದಿಲ್ಲ. ವಿಂಡೋಸ್ ಡ್ರೈವರನ್ನು ಸುತ್ತಿ ಕೂರಿಸುವ ಉಪಾಯವೂ ಇಲ್ಲಿ ಇಲ್ಲ. ಉಳಿಯುವ ದಾರಿ ಇಷ್ಟೇ: ಕಾರ್ಡ್ ಬದಲಿಸಿ, ಯುಎಸ್‌ಬಿ ಅಡಾಪ್ಟರ್ ಹಾಕಿ, ಇಲ್ಲವೇ ಮುಂದಿನ ಆವೃತ್ತಿಗೆ ಕಾಯಿರಿ. ನನ್ನನ್ನು ಕೇಳಿದರೆ ಕಾಯುವುದು ದಂಡ. ಯಾರಾದರೂ ಅದೇ ಚಿಪ್ ಮೇಲೆ ಕೆಲಸ ಮಾಡುತ್ತಿದ್ದಾರೆ ಅಂತ ಖಚಿತವಾಗಿ ಗೊತ್ತಿದ್ದರೆ ಮಾತ್ರ ಕಾಯಬಹುದು.

ಕರ್ನಲ್‌ಗೆ ಚಿಪ್‌ನ ಹೆಸರು ಗೊತ್ತಿಲ್ಲದಿದ್ದರೆ ಸಾಲಿನಲ್ಲಿ ಬರೀ ನಂಬರ್ ಇರುತ್ತದೆ. 'ಪಿಸಿಐಡಂಪ್' ಕಮಾಂಡನ್ನು 'ವಿ' ಆಯ್ಕೆ ಜೊತೆ (ಆಯ್ಕೆ ಅಂದರೆ ಮುಂದೆ ಅಡ್ಡಗೆರೆ ಹಾಕಿ ಬರೆಯುವ ಅಕ್ಷರ) ಕೊಟ್ಟರೆ ತಯಾರಕರ ನಂಬರ್ ಪೂರ್ತಿ ಕಾಣುತ್ತದೆ. 8086 ಅಂದರೆ ಇಂಟೆಲ್, 168ಸಿ ಅಂದರೆ ಅಥೆರೋಸ್, 10ಇಸಿ ಅಂದರೆ ರಿಯಲ್‌ಟೆಕ್, 14ಇ4 ಅಂದರೆ ಬ್ರಾಡ್‌ಕಾಂ, 14ಸಿ3 ಅಂದರೆ ಮೀಡಿಯಾಟೆಕ್. ಯುಎಸ್‌ಬಿ ಅಡಾಪ್ಟರ್ ಆದರೆ 'ಯುಎಸ್‌ಬಿಡೆವ್ಸ್' ಕಮಾಂಡ್, ಅದೇ 'ವಿ' ಆಯ್ಕೆ.

ಕಾರ್ಡ್ ಹೆಸರು ಬಂದಿದೆ, ಆದರೆ 'ಕುಡ್ ನಾಟ್ ರೀಡ್ ಫರ್ಮ್‌ವೇರ್' ಅನ್ನುತ್ತಿದೆ.

ಒಳ್ಳೆಯ ಸುದ್ದಿ. ಡ್ರೈವರ್ ಇದೆ, ಫರ್ಮ್‌ವೇರ್, ಅಂದರೆ ಕಾರ್ಡ್ ಒಳಗೇ ಓಡುವ ಪುಟ್ಟ ಪ್ರೋಗ್ರಾಂನ ಫೈಲ್ ಒಂದು ಬಾಕಿ. ಅದೇ ಸಾಲಿನಲ್ಲಿ 'ಎರರ್ 2' ಅಂತ ಇರುತ್ತದೆ ನೋಡಿ, 'ಆ ಹೆಸರಿನ ಫೈಲ್ ಇಲ್ಲ' ಅನ್ನುವುದಕ್ಕೆ ಯುನಿಕ್ಸ್‌ನಲ್ಲಿ ಇರುವ ನಂಬರ್ ಅದು. ಕಾರ್ಡ್ ಕೆಟ್ಟಿಲ್ಲ.

'ಎಫ್‌ಡಬ್ಲ್ಯೂ_ಅಪ್‌ಡೇಟ್' ಅಂತ ಕೊಟ್ಟರೆ ಅದು ನಿಮ್ಮ ಯಂತ್ರದಲ್ಲಿ ಯಾವ ಕಾರ್ಡ್ ಇದೆ ಅಂತ ಬೂಟ್ ಸಾಲುಗಳಿಂದಲೇ ತಿಳಿದುಕೊಳ್ಳುತ್ತದೆ. ಬೇಕಾದ ಫೈಲ್ ಇಳಿಸಿ, ಸಹಿ ಸರಿಯಿದೆಯೇ ಅಂತ ಪರೀಕ್ಷಿಸಿ, 'ಇಟಿಸಿ' ಒಳಗಿನ 'ಫರ್ಮ್‌ವೇರ್' ಡೈರೆಕ್ಟರಿಯಲ್ಲಿ ಇಡುತ್ತದೆ. ಆಮೇಲೆ ಒಂದು ಸಲ ರೀಬೂಟ್ ಮಾಡಿ, ಸಾಕು. ಹೊಸದಾಗಿ ಇನ್‌ಸ್ಟಾಲ್ ಮಾಡಿದ ಮೇಲೆ ಮೊದಲ ಬೂಟ್‌ನಲ್ಲಿ ಇದು ತಾನಾಗಿಯೇ ಓಡುತ್ತದೆ. ಆಗ ಇಂಟರ್ನೆಟ್ ಇದ್ದರೆ ನಿಮಗೆ ಈ ತೊಂದರೆ ಬಂದದ್ದೂ ಗೊತ್ತಾಗುವುದಿಲ್ಲ.

ವೈಫೈ ಇಲ್ಲದೆ ಫರ್ಮ್‌ವೇರ್ ಹೇಗೆ ಇಳಿಸಲಿ? ಫರ್ಮ್‌ವೇರ್ ಇಲ್ಲದೆ ವೈಫೈ ಬರಲ್ಲವಲ್ಲ!

ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂದ ಹಾಗೆ. ಪುಣ್ಯಕ್ಕೆ ಇಲ್ಲಿ ದಾರಿಗಳಿವೆ.

ಲ್ಯಾಪ್‌ಟಾಪ್‌ನಲ್ಲಿ ನೆಟ್‌ವರ್ಕ್ ಕೇಬಲ್ ಹಾಕುವ ಜಾಗ ಇದ್ದರೆ ಬೇರೇನೂ ಯೋಚಿಸಬೇಡಿ. ರೂಟರ್ ಪಕ್ಕ ಕೂತು ಕೇಬಲ್ ಚುಚ್ಚಿ. ಇನ್‌ಸ್ಟಾಲ್ ಮಾಡುವಾಗಲೇ ಹೀಗೆ ಮಾಡಿದರೆ ಇನ್ನೂ ಒಳ್ಳೆಯದು.

ಕೇಬಲ್ ಇಲ್ಲದಿದ್ದರೆ ಆಂಡ್ರಾಯ್ಡ್ ಫೋನ್. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಸೇರಿಸಿ, ಫೋನ್ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಹಾಟ್‌ಸ್ಪಾಟ್ ಅಲ್ಲ, ಟೆದರಿಂಗ್. ಹೆಚ್ಚಿನ ಫೋನ್‌ಗಳು 'ಯುಆರ್‌ಎನ್‌ಡಿಐಎಸ್0' ಅನ್ನುವ ಹೆಸರಲ್ಲಿ ಕಾಣಿಸಿಕೊಳ್ಳುತ್ತವೆ. ಆಗ 'ಐಎಫ್‌ಕಾನ್ಫಿಗ್ ಯುಆರ್‌ಎನ್‌ಡಿಐಎಸ್0 ಐನೆಟ್ ಆಟೋಕಾನ್ಫ್' ಕೊಡಿ, ಫೋನಿನ ಇಂಟರ್ನೆಟ್ ಬಂದುಬಿಡುತ್ತದೆ. ಚಾರ್ಜ್ ಮಾಡಲು ಮಾತ್ರ ಆಗುವ ಕೇಬಲ್‌ಗಳು ಮನೆಯಲ್ಲಿ ಬೇಕಾದಷ್ಟು ಇರುತ್ತವೆ. ಏನೂ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ.

ಇದೂ ಆಗದಿದ್ದರೆ ಪೆನ್‌ಡ್ರೈವ್. ಬೇರೆ ಕಂಪ್ಯೂಟರಿನಲ್ಲಿ ಓಪನ್‌ಬಿಎಸ್‌ಡಿಯ ಫರ್ಮ್‌ವೇರ್ ತಾಣಕ್ಕೆ ಹೋಗಿ, ನಿಮ್ಮ ಆವೃತ್ತಿಯ ನಂಬರ್ ಇರುವ ಫೋಲ್ಡರ್ ತೆರೆಯಿರಿ. ಆವೃತ್ತಿ ಯಾವುದು ಅಂತ 'ಯುನೇಮ್' ಕಮಾಂಡ್ 'ಆರ್' ಆಯ್ಕೆ ಜೊತೆ ಕೊಟ್ಟರೆ ಹೇಳುತ್ತದೆ. ಅಲ್ಲಿಂದ ನಿಮ್ಮ ಡ್ರೈವರ್ ಹೆಸರಿನ ಫರ್ಮ್‌ವೇರ್ ಫೈಲ್ ಇಳಿಸಿ. ಜೊತೆಗೆ 'ಎಸ್‌ಎಚ್‌ಎ256.ಸಿಗ್' ಅನ್ನುವ ಚಿಕ್ಕ ಫೈಲನ್ನೂ ಇಳಿಸಿ. ಇದನ್ನು ಬಿಡುವವರೇ ಜಾಸ್ತಿ. ಸಹಿ ಇಲ್ಲದೆ ಫರ್ಮ್‌ವೇರ್ ಒಳಗೆ ಹೋಗುವುದಿಲ್ಲ.

ಪೆನ್‌ಡ್ರೈವ್ ಎಫ್‌ಎಟಿ32 ಆಗಿರಲಿ. ಎಕ್ಸ್‌ಫ್ಯಾಟ್ ಆದರೆ ಓಪನ್‌ಬಿಎಸ್‌ಡಿ ನೇರವಾಗಿ ಓದುವುದಿಲ್ಲ. ಚುಚ್ಚಿದ ಕೂಡಲೇ ಸ್ಕ್ರೀನ್ ಮೇಲೆ 'ಎಸ್‌ಡಿ1' ತರಹದ ಹೆಸರು ಬರುತ್ತದೆ. ಎಫ್‌ಎಟಿ ವಿಭಾಗಕ್ಕೆ ಸಾಮಾನ್ಯವಾಗಿ 'ಐ' ಅಕ್ಷರ ಸಿಗುತ್ತದೆ, ಹಾಗಾಗಿ 'ಡೆವ್' ಒಳಗಿನ 'ಎಸ್‌ಡಿ1ಐ' ಅನ್ನು 'ಎಂಎನ್‌ಟಿ' ಮೇಲೆ ಮೌಂಟ್ ಮಾಡಿ. ಆಮೇಲೆ 'ಎಫ್‌ಡಬ್ಲ್ಯೂ_ಅಪ್‌ಡೇಟ್' ಜೊತೆ 'ಪಿ' ಆಯ್ಕೆ ಹಾಕಿ ಆ ಡೈರೆಕ್ಟರಿ ತೋರಿಸಿದರೆ ಕೆಲಸ ಮುಗಿಯಿತು.

ಈ ಫರ್ಮ್‌ವೇರನ್ನು ಇನ್‌ಸ್ಟಾಲ್ ಫೈಲಿನಲ್ಲೇ ಸೇರಿಸಿ ಕೊಡಬಾರದಾ?

ಕೆಲವನ್ನು ಸೇರಿಸಿಯೇ ಕೊಡುತ್ತಾರೆ. ಉಳಿದವುಗಳ ಲೈಸೆನ್ಸ್ ಓಪನ್‌ಬಿಎಸ್‌ಡಿಯ ಷರತ್ತಿಗೆ ಹೊಂದುವುದಿಲ್ಲ, ಅದಕ್ಕೇ ಬೇರೆ ಕಡೆ ಇಟ್ಟಿದ್ದಾರೆ. ತಲೆನೋವು ನಿಜ. ಆದರೆ ಇದರ ಹಿಂದೆ ಒಂದು ಹಟವಿದೆ, ನನಗೆ ಅದು ಇಷ್ಟ.

ಫರ್ಮ್‌ವೇರ್ ಓಡುವುದು ಕಾರ್ಡ್ ಒಳಗಿನ ಪುಟ್ಟ ಪ್ರೊಸೆಸರ್ ಮೇಲೆ. ಕೆಲವು ಕಂಪನಿಗಳು ಡ್ರೈವರನ್ನೇ ಸೋರ್ಸ್ ಇಲ್ಲದ ಮುಚ್ಚಿದ ಕಟ್ಟಾಗಿ ಕೊಡುತ್ತವೆ. ಅದನ್ನು ಬ್ಲಾಬ್ ಅನ್ನುತ್ತಾರೆ. ಅದು ಓಡುವುದು ನಿಮ್ಮ ಕರ್ನಲ್ ಒಳಗೇ, ನಿಮ್ಮ ಎಲ್ಲ ಮೆಮೊರಿಯೂ ಅದರ ಕೈಯಲ್ಲಿ. ಓಪನ್‌ಬಿಎಸ್‌ಡಿಯವರು ಫರ್ಮ್‌ವೇರ್ ಒಪ್ಪುತ್ತಾರೆ, ಬ್ಲಾಬ್ ಒಪ್ಪುವುದಿಲ್ಲ. ಕಂಪನಿ ದಾಖಲೆ ಕೊಡದಿದ್ದರೆ ಚಿಪ್ ಹೇಗೆ ವರ್ತಿಸುತ್ತದೆ ಅಂತ ತಾವೇ ಕಂಡುಹಿಡಿದು ಬರೆಯುತ್ತಾರೆ. ಹಳೆಯ ರಾಲಿಂಕ್ ಮತ್ತು ಇಂಟೆಲ್ ಕಾರ್ಡ್‌ಗಳ ಡ್ರೈವರ್‌ಗಳಲ್ಲಿ ಡಾಮಿಯನ್ ಬರ್ಗಮಿನಿ ಅವರ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಈಚಿನ ಇಂಟೆಲ್ ಕಾರ್ಡ್‌ಗಳಲ್ಲಿ ಸ್ಟೆಫಾನ್ ಸ್ಪರ್ಲಿಂಗ್ ಅವರದ್ದು. ಹೈಕು ಅನ್ನುವ ಇನ್ನೊಂದು ಪುಟ್ಟ ಆಪರೇಟಿಂಗ್ ಸಿಸ್ಟಂನಲ್ಲಿ ಈಚಿನ ಇಂಟೆಲ್ ವೈಫೈ ಓಡುವುದೂ ಓಪನ್‌ಬಿಎಸ್‌ಡಿಯಿಂದ ತಂದ ಡ್ರೈವರ್‌ಗಳ ಮೇಲೆಯೇ. ಬರೆಯುವ ಕೈಗಳು ಇಷ್ಟು ಕಡಿಮೆ ಇರುವುದರಿಂದ ಹೊಸ ಚಿಪ್‌ಗೆ ಡ್ರೈವರ್ ಬರಲು ತಡವಾಗುತ್ತದೆ.

ಇದೇ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಹಾಕಿದಾಗ ವೈಫೈ ಬಂದಿತ್ತು. ಇಲ್ಲಿ ಯಾಕೆ ಬರಲ್ಲ?

ಲಿನಕ್ಸ್‌ಗೆ ಡ್ರೈವರ್ ಬರೆಯಲು ಚಿಪ್ ಕಂಪನಿಗಳೇ ಎಂಜಿನಿಯರ್‌ಗಳನ್ನು ಇಟ್ಟುಕೊಂಡಿವೆ. ಇಲ್ಲಿ ಆ ಅನುಕೂಲ ಇಲ್ಲ. ಫ್ರೀಬಿಎಸ್‌ಡಿಯವರು ಲಿನಕ್ಸ್ ವೈಫೈ ಡ್ರೈವರನ್ನು ಓಡಿಸಲು ನಡುವೆ ಒಂದು ಪದರ ಕಟ್ಟಿಕೊಂಡರು. ಓಪನ್‌ಬಿಎಸ್‌ಡಿಯವರು ಗ್ರಾಫಿಕ್ಸ್‌ಗೆ ಲಿನಕ್ಸ್ ಕೋಡ್ ತರುತ್ತಾರೆ, ವೈಫೈಗೆ ಮಾತ್ರ ತಮ್ಮದೇ ಡ್ರೈವರ್ ಬರೆಯುತ್ತಾರೆ.

ಹಾಗಾದರೆ ಯಾವ ಕಾರ್ಡ್ ತೆಗೆದುಕೊಳ್ಳಲಿ?

ಲ್ಯಾಪ್‌ಟಾಪ್ ಒಳಗೆ ಹಾಕುವುದಾದರೆ ಇಂಟೆಲ್. ಎರಡನೇ ಯೋಚನೆ ಬೇಡ. 7260, 7265, 8260, 8265, 9260 ಕಾರ್ಡ್‌ಗಳು 'ಐಡಬ್ಲ್ಯೂಎಂ' ಡ್ರೈವರ್‌ಗೆ ಸೇರಿದವು. ಎಎಕ್ಸ್200, ಎಎಕ್ಸ್210 'ಐಡಬ್ಲ್ಯೂಎಕ್ಸ್' ಡ್ರೈವರ್‌ಗೆ. ಇನ್ನೂ ಹಳೆಯ 5100, 6200, 6300 ತರಹದವು 'ಐಡಬ್ಲ್ಯೂಎನ್' ಡ್ರೈವರ್‌ಗೆ.

ಒಂದು ಮೋಸ ಇದೆ, ಕೇಳಿ. ಎಎಕ್ಸ್200 ಮತ್ತು ಎಎಕ್ಸ್201 ನೋಡಲು ಒಂದೇ ತರಹ. ಬೆಲೆಯಲ್ಲೂ ಅಂಥ ವ್ಯತ್ಯಾಸ ಕಾಣದಿರಬಹುದು. ಆದರೆ ಎಎಕ್ಸ್201, ಎಎಕ್ಸ್211, 9560 ಇವು ಅರ್ಧ ಕಾರ್ಡ್‌ಗಳು. ಉಳಿದರ್ಧ ಇಂಟೆಲ್ ಪ್ರೊಸೆಸರ್ ಅಥವಾ ಚಿಪ್‌ಸೆಟ್ ಒಳಗೇ ಇರುತ್ತದೆ. ಅದಕ್ಕೆ ಹೊಂದದ ಹಳೆಯ ಯಂತ್ರಕ್ಕೋ ಎಎಮ್‌ಡಿ ಯಂತ್ರಕ್ಕೋ ಹಾಕಿದರೆ ಕಾರ್ಡ್ ಇದೆ ಅನ್ನುವುದೂ ಕಾಣುವುದಿಲ್ಲ. ಎಸ್‌ಪಿ ರಸ್ತೆಯಲ್ಲಿ ಕಾರ್ಡ್ ಕೊಳ್ಳುವಾಗ ಅಂಗಡಿಯವರು 'ಎರಡೂ ಒಂದೇ ಸರ್, ಹಾಕ್ಕೊಳ್ಳಿ' ಅನ್ನಬಹುದು. ಒಂದೇ ಅಲ್ಲ. ಕಾರ್ಡ್ ಮೇಲಿನ ಚೀಟಿಯನ್ನು ನೀವೇ ಓದಿ.

ಪುಟ್ಟ ಯುಎಸ್‌ಬಿ ಅಡಾಪ್ಟರ್ ಕೊಳ್ಳುವುದಾದರೆ ಡಬ್ಬಿಯ ಮೇಲಿನ ಮಾಡೆಲ್ ಹೆಸರನ್ನು ನಂಬಬೇಡಿ, ಒಳಗಿನ ಚಿಪ್ ಯಾವುದು ಅಂತ ನೋಡಿ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯೂಎನ್722ಎನ್ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಮೊದಲ ಆವೃತ್ತಿಯಲ್ಲಿ ಅಥೆರೋಸ್ ಎಆರ್9271 ಚಿಪ್ ಇತ್ತು. ಎರಡನೆಯದರಿಂದ ರಿಯಲ್‌ಟೆಕ್ ಆರ್‌ಟಿಎಲ್8188ಇಯುಎಸ್ ಬಂತು. ಹೆಸರು ಅದೇ, ಆಂಟೆನಾ ಅದೇ, ಒಳಗೆ ಬೇರೆ ಕಂಪನಿಯ ಚಿಪ್. ಓಪನ್‌ಬಿಎಸ್‌ಡಿಯಲ್ಲಿ ಮೊದಲನೆಯದು 'ಎಟಿಎಚ್‌ಎನ್' ಡ್ರೈವರ್‌ಗೆ ಹೋಗುತ್ತದೆ, ಎರಡನೆಯದು 'ಯುಆರ್‌ಟಿಡಬ್ಲ್ಯೂಎನ್' ಡ್ರೈವರ್‌ಗೆ. ಈ ಮಾಡೆಲ್‌ನಲ್ಲಿ ಅದೃಷ್ಟ ಚೆನ್ನಾಗಿದೆ, ಎರಡಕ್ಕೂ ಡ್ರೈವರ್ ಇದೆ. ಎಲ್ಲ ಮಾಡೆಲ್‌ಗಳಲ್ಲೂ ಹಾಗಿಲ್ಲ. ಆವೃತ್ತಿಯ ನಂಬರ್ ಅಡಾಪ್ಟರ್ ಮೇಲೆ ಸಣ್ಣ ಅಕ್ಷರದಲ್ಲಿ, ಸೀರಿಯಲ್ ನಂಬರ್ ಹತ್ತಿರ ಇರುತ್ತದೆ.

ಕೊಳ್ಳುವ ಮುಂಚೆ ಡ್ರೈವರ್‌ನ ಮ್ಯಾನ್ ಪುಟ, ಅಂದರೆ ಸಿಸ್ಟಂ ಜೊತೆಗೇ ಬರುವ ಕೈಪಿಡಿಯ ಪುಟ ಓದಿ. 'ಮ್ಯಾನ್ ಯುಆರ್‌ಟಿಡಬ್ಲ್ಯೂಎನ್' ಅಂತ ಕೊಟ್ಟರೆ ಆ ಡ್ರೈವರ್ ಯಾವ ಚಿಪ್‌ಗಳಿಗೆ ಅಂತ ಪಟ್ಟಿಯೇ ಸಿಗುತ್ತದೆ. ಈ ಪುಟಗಳು ವೆಬ್‌ನಲ್ಲೂ ಇವೆ, ಅಂಗಡಿಯಲ್ಲಿ ನಿಂತೇ ಮೊಬೈಲ್‌ನಲ್ಲಿ ಓದಬಹುದು. ಓಪನ್‌ಬಿಎಸ್‌ಡಿಯವರು ಮ್ಯಾನ್ ಪುಟಗಳನ್ನು ಕೋಡ್‌ನಷ್ಟೇ ಶ್ರದ್ಧೆಯಿಂದ ತಿದ್ದುತ್ತಾರೆ. ಯಾರದೋ ಹಳೆಯ ಬರಹಕ್ಕಿಂತ ಅದನ್ನು ನಂಬಿ. ನನ್ನ ಈ ಬರಹಕ್ಕಿಂತಲೂ.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆಯೇ ಪರೀಕ್ಷೆ ಮಾಡಬಹುದಾ?

ಮಾಡಬಹುದು, ಮಾಡಲೇಬೇಕು. ಓಪನ್‌ಬಿಎಸ್‌ಡಿಯನ್ನು ಪೂರ್ತಿಯಾಗಿ ಪೆನ್‌ಡ್ರೈವ್ ಮೇಲೆಯೇ ಇನ್‌ಸ್ಟಾಲ್ ಮಾಡಿಟ್ಟುಕೊಳ್ಳಿ. 16 ಜಿಬಿಯದ್ದು ಸಾಕು. 'ಎಫ್‌ಡಬ್ಲ್ಯೂ_ಅಪ್‌ಡೇಟ್' ಜೊತೆ 'ಎ' ಆಯ್ಕೆ ಕೊಟ್ಟರೆ ಎಲ್ಲ ಡ್ರೈವರ್‌ಗಳ ಫರ್ಮ್‌ವೇರೂ ಅದರೊಳಗೆ ಬರುತ್ತದೆ. ಮಾರುವವರ ಮುಂದೆಯೇ ಆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಸಾಲುಗಳನ್ನು ಓದಿ.

ಪೆನ್‌ಡ್ರೈವ್ ತಯಾರಿಸುವಾಗ ಒಂದೇ ಕಡೆ ಎಚ್ಚರ ಬೇಕು. ರೂಟ್ ಡಿಸ್ಕ್ ಯಾವುದು ಅಂತ ಇನ್‌ಸ್ಟಾಲರ್ ಕೇಳುತ್ತದೆ. ಅದು ತಾನೇ ಸೂಚಿಸುವ ಉತ್ತರ ನಿಮ್ಮ ಒಳಗಿನ ಡಿಸ್ಕ್ ಆಗಿರಬಹುದು. ಸುಮ್ನೆ ಎಂಟರ್ ಒತ್ತಿಕೊಂಡು ಹೋದರೆ ಇದ್ದಬದ್ದ ಫೋಟೋ, ಫೈಲ್ ಎಲ್ಲ ಹೋಗುತ್ತವೆ. ಆ ಪ್ರಶ್ನೆಗೆ ಪ್ರಶ್ನೆ ಚಿಹ್ನೆ ಹೊಡೆದು ಎಂಟರ್ ಒತ್ತಿ, ಪ್ರತಿ ಡಿಸ್ಕ್‌ನ ಹೆಸರು, ಗಾತ್ರ ತೋರಿಸುತ್ತದೆ. ಗಾತ್ರ ನೋಡಿ ಆರಿಸಿ.

ಹೊಸ ಕಾರ್ಡ್ ಹಾಕಿದೆ, ಈಗ ಲ್ಯಾಪ್‌ಟಾಪ್ ಆನ್ ಆಗುತ್ತಲೇ ಇಲ್ಲ!

ಸ್ಕ್ರೀನ್ ಮೇಲೆ 1802 ಅನ್ನುವ ನಂಬರ್ ಬರುತ್ತಿದೆಯೇ? ಹಳೆಯ ಥಿಂಕ್‌ಪ್ಯಾಡ್‌ಗಳಲ್ಲಿ, ಉದಾಹರಣೆಗೆ ಎಕ್ಸ್220, ಟಿ430ಗಳಲ್ಲಿ, ಒಪ್ಪಿಗೆ ಇರುವ ಕಾರ್ಡ್‌ಗಳ ಪಟ್ಟಿ ಬಯೋಸ್ (ಆನ್ ಮಾಡಿದ ಕೂಡಲೇ ಮೊದಲು ಓಡುವ ಪ್ರೋಗ್ರಾಂ) ಒಳಗೇ ಇದೆ. ಪಟ್ಟಿಯಲ್ಲಿ ಇಲ್ಲದ ಕಾರ್ಡ್ ಕಂಡರೆ ಬೂಟ್ ಅನ್ನೇ ನಿಲ್ಲಿಸುತ್ತದೆ. ಇದಕ್ಕೂ ಓಪನ್‌ಬಿಎಸ್‌ಡಿಗೂ ಸಂಬಂಧ ಇಲ್ಲ. ಹೊಸ ಕಾರ್ಡ್ ತೆಗೆದು ಹಳೆಯದನ್ನು ಹಾಕಿದರೆ ಮತ್ತೆ ಬೂಟ್ ಆಗುತ್ತದೆ. ಬಯೋಸ್ ತಿದ್ದುವ ದಾರಿಗಳಿವೆ, ಆದರೆ ಕೈ ಪಳಗದವರು ಹೋಗಬೇಡಿ. ಆ ಮಾಡೆಲ್‌ಗೆ ಒಪ್ಪಿಗೆ ಇರುವ ಇಂಟೆಲ್ ಕಾರ್ಡ್ ಕೊಳ್ಳುವುದೇ ಅಗ್ಗ.

ಕಾರ್ಡ್ ಬದಲಿಸುವ ಮುಂಚೆ ಬ್ಯಾಟರಿ ತೆಗೆಯಿರಿ. ಬ್ಯಾಟರಿ ಒಳಗೇ ಇರುವ ಮಾಡೆಲ್‌ಗಳಲ್ಲಿ ಬಯೋಸ್‌ಗೆ ಹೋಗಿ ಅದನ್ನು ಆಫ್ ಮಾಡುವ ಆಯ್ಕೆ ಇದೆಯೇ ನೋಡಿ. ಆಂಟೆನಾ ವೈರಿನ ತುದಿಯ ಗುಂಡಿಯನ್ನು ನೇರವಾಗಿ ಮೇಲಿನಿಂದ ಒತ್ತಿ, 'ಟಕ್' ಅನ್ನಬೇಕು. ಹಳೆಯ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್‌ನ ಗುಂಡಿಗಿಂತ ಈಗಿನ ಎಂ.2 ಕಾರ್ಡ್‌ನ ಗುಂಡಿ ಚಿಕ್ಕದು. ಒಂದರ ವೈರ್ ಇನ್ನೊಂದಕ್ಕೆ ಕೂರುವುದಿಲ್ಲ, ಬಲವಂತ ಮಾಡಬೇಡಿ.

ಯುಎಸ್‌ಬಿ ಅಡಾಪ್ಟರ್ ಹಾಕಿದರೆ ಸಿಡಿ ಡ್ರೈವ್ ಅಂತ ತೋರಿಸುತ್ತಿದೆ!

ಕೆಲವು ಅಡಾಪ್ಟರ್‌ಗಳು ವಿಂಡೋಸ್ ಡ್ರೈವರನ್ನು ತಮ್ಮೊಳಗೇ ಇಟ್ಟುಕೊಂಡು ಬರುತ್ತವೆ. ಮೊದಲು ಸಿಡಿ ತರಹ ನಟಿಸಿ, ವಿಂಡೋಸ್‌ನಲ್ಲಿ ಡ್ರೈವರ್ ಕೂತ ಮೇಲೆ ನಿಜರೂಪ ತೋರಿಸುತ್ತವೆ. 'ಇಜೆಕ್ಟ್ ಸಿಡಿ0' ಕೊಟ್ಟು ನೋಡಿ, ಕೆಲವು ಅದಕ್ಕೇ ರೂಪ ಬದಲಿಸುತ್ತವೆ. ಬದಲಾದ ಮೇಲೂ ಆ ಚಿಪ್‌ಗೆ ಡ್ರೈವರ್ ಇರಬೇಕು ಅನ್ನುವುದು ಬೇರೆ ಮಾತು. ನನ್ನ ಸಲಹೆ: ಅಂಗಡಿಯವರು ಒಪ್ಪಿದರೆ ವಾಪಸ್ ಕೊಟ್ಟುಬಿಡಿ.

ಕಾರ್ಡ್ ಗುರುತಾಗಿದೆ, ಫರ್ಮ್‌ವೇರ್ ಇದೆ. ಆದರೂ ಮನೆ ವೈಫೈಗೆ ಸೇರುತ್ತಿಲ್ಲ.

ಮೊದಲು ರೇಡಿಯೋ ಆನ್ ಇದೆಯೇ ನೋಡಿ. ನಗಬೇಡಿ. ಎಕ್ಸ್200 ತರಹದ ಹಳೆಯ ಥಿಂಕ್‌ಪ್ಯಾಡ್‌ಗಳ ಅಂಚಿನಲ್ಲಿ ಜಾರಿಸುವ ಸಣ್ಣ ಸ್ವಿಚ್ ಇದೆ, ಬ್ಯಾಗಿನಿಂದ ತೆಗೆಯುವಾಗ ಬೆರಳು ತಾಗಿದರೂ ಆಫ್ ಆಗುತ್ತದೆ. ಹಾಗಾದಾಗ 'ರೇಡಿಯೋ ಈಸ್ ಡಿಸೇಬಲ್ಡ್ ಬೈ ಹಾರ್ಡ್‌ವೇರ್ ಸ್ವಿಚ್' ಅನ್ನುವ ಸಾಲು ಬರುತ್ತದೆ.

ಆಮೇಲೆ 'ಐಎಫ್‌ಕಾನ್ಫಿಗ್ ಐಡಬ್ಲ್ಯೂಎಂ0 ಸ್ಕ್ಯಾನ್' ಕೊಡಿ (ಐಡಬ್ಲ್ಯೂಎಂ0 ಜಾಗದಲ್ಲಿ ನಿಮ್ಮ ಕಾರ್ಡ್ ಹೆಸರು). ಸುತ್ತಲಿನ ನೆಟ್‌ವರ್ಕ್‌ಗಳು, ಅವುಗಳ ಚಾನೆಲ್, ಸಿಗ್ನಲ್ ಶೇಕಡಾ ಎಲ್ಲ ಬರುತ್ತದೆ. ಪಕ್ಕದ ಮನೆಯವರದ್ದೆಲ್ಲ ಕಂಡು ನಿಮ್ಮದು ಮಾತ್ರ ಕಾಣದಿದ್ದರೆ, ನಿಮ್ಮ ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಇರಬಹುದು, ಅಡಾಪ್ಟರ್‌ಗೆ 2.4 ಮಾತ್ರ ಬರುತ್ತಿರಬಹುದು. ರೂಟರ್‌ನಲ್ಲಿ 2.4 ಕೂಡ ಆನ್ ಮಾಡಿ.

ಕಂಡೂ ಸೇರದಿದ್ದರೆ 'ಐಎಫ್‌ಕಾನ್ಫಿಗ್ ಐಡಬ್ಲ್ಯೂಎಂ0 ಡೀಬಗ್' ಕೊಟ್ಟು ಮತ್ತೆ ಸೇರಲು ಬಿಡಿ, ಡಿಎಂಇಎಸ್‌ಜಿ ನೋಡಿ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವುದು ಈ ಒಂದು ಕಮಾಂಡ್. ಕಾರ್ಡ್ ಸ್ಕ್ಯಾನ್ (ಹುಡುಕುವ) ಹಂತದಿಂದ ಆಥ್ (ಗುರುತಿನ) ಹಂತಕ್ಕೆ, ಆಥ್‌ನಿಂದ ಅಸೋಕ್ (ಸೇರುವ) ಹಂತಕ್ಕೆ, ಅಲ್ಲಿಂದ ರನ್‌ಗೆ ಹೋಗುವುದು ಸಾಲು ಸಾಲಾಗಿ ಕಾಣುತ್ತದೆ. ಆಮೇಲೆ ಪಾಸ್‌ವರ್ಡ್ ಒಪ್ಪಿಸುವ ನಾಲ್ಕು ಸಂದೇಶಗಳು. ರೂಟರ್ ಒಂದನೆಯದನ್ನು ಕಳಿಸುತ್ತದೆ, ನಿಮ್ಮ ಕಾರ್ಡ್ ಎರಡನೆಯದನ್ನು ಕಳಿಸುತ್ತದೆ. ಮೂರನೆಯದು ಬರದೆ ಮತ್ತೆ ಒಂದು, ಮತ್ತೆ ಎರಡು ಅಂತ ಸುತ್ತುತ್ತಿದ್ದರೆ ಪಾಸ್‌ವರ್ಡ್ ತಪ್ಪಿದೆ ಅಂತಲೇ ಲೆಕ್ಕ. ಓಪನ್‌ಬಿಎಸ್‌ಡಿ ಬಾಯಿಬಿಟ್ಟು 'ಪಾಸ್‌ವರ್ಡ್ ತಪ್ಪು' ಅನ್ನುವುದಿಲ್ಲ, ನಾವೇ ಹೀಗೆ ತಿಳಿದುಕೊಳ್ಳಬೇಕು.

ಅಸೋಕ್‌ಗೂ ಹೋಗದಿದ್ದರೆ ರೂಟರ್‌ನ ಭದ್ರತೆಯ ಸೆಟ್ಟಿಂಗ್ ನೋಡಿ. ಡಬ್ಲ್ಯೂಪಿಎ3 ಮಾತ್ರ ಅಂತ ಇದ್ದರೆ ಡಬ್ಲ್ಯೂಪಿಎ2 ಕೂಡ ಸೇರಿದ ಆಯ್ಕೆಗೆ ಬದಲಿಸಿ ನೋಡಿ.

ಎಲ್ಲ ಆಗಿ ರನ್ ಬಂದು, ಐಪಿ ವಿಳಾಸ ಮಾತ್ರ ಇಲ್ಲ ಅಂದರೆ 'ಐನೆಟ್ ಆಟೋಕಾನ್ಫ್' ಕೊಟ್ಟಿಲ್ಲ ಅಂತ ಅರ್ಥ.

ಪ್ರತಿ ಸಲ ಕಮಾಂಡ್ ಹೊಡೆಯಬೇಕಾ?

ಬೇಡ. 'ಇಟಿಸಿ' ಒಳಗೆ 'ಹೋಸ್ಟ್‌ನೇಮ್' ಅಂತ ಬರೆದು ಚುಕ್ಕೆ ಇಟ್ಟು ಕಾರ್ಡ್ ಹೆಸರು ಸೇರಿಸಿ ಒಂದು ಫೈಲ್ ಮಾಡಿ, ಹೀಗೆ: ಹೋಸ್ಟ್‌ನೇಮ್.ಐಡಬ್ಲ್ಯೂಎಂ0. ಅದರಲ್ಲಿ ಪ್ರತಿ ನೆಟ್‌ವರ್ಕ್‌ಗೂ ಒಂದು ಸಾಲು: 'ಜಾಯಿನ್', ನೆಟ್‌ವರ್ಕ್ ಹೆಸರು, 'ಡಬ್ಲ್ಯೂಪಿಎಕೀ', ಪಾಸ್‌ವರ್ಡ್. ಕೊನೆಯಲ್ಲಿ ಒಂದು ಸಾಲು 'ಐನೆಟ್ ಆಟೋಕಾನ್ಫ್', ಅಂದರೆ ಐಪಿ ವಿಳಾಸ ತಾನಾಗಿ ಪಡೆದುಕೋ ಅಂತ. ಹೆಸರಿನಲ್ಲಿ ಜಾಗ ಬಿಟ್ಟಿದ್ದರೆ ಉದ್ಧರಣ ಚಿಹ್ನೆ ಹಾಕಿ. ಮನೆ, ಆಫೀಸು, ಊರಿನ ಮನೆ, ಫೋನ್ ಹಾಟ್‌ಸ್ಪಾಟ್ ಎಲ್ಲ ಬರೆದಿಟ್ಟರೆ ಎಲ್ಲಿ ಯಾವುದು ಸಿಗುತ್ತದೋ ಅದಕ್ಕೆ ತಾನೇ ಸೇರುತ್ತದೆ. ಈ ಜಾಯಿನ್ ಸೌಲಭ್ಯ ಬಂದದ್ದು 2018ರ 6.4 ಆವೃತ್ತಿಯಲ್ಲಿ. ಅದಕ್ಕೂ ಮುಂಚಿನ ಬರಹಗಳಲ್ಲಿ ಇದಕ್ಕಾಗಿ ಉದ್ದುದ್ದ ಸ್ಕ್ರಿಪ್ಟ್‌ಗಳು ಸಿಗುತ್ತವೆ, ಈಗ ಅವು ಬೇಡ.

ಪಾಸ್‌ವರ್ಡ್ ಬರೆದಿರುವ ಫೈಲ್, ಹಾಗಾಗಿ ಬೇರೆಯವರು ಓದದ ಹಾಗೆ ಫೈಲಿನ ಅನುಮತಿ 0640 ಇರಲಿ. ಬದಲಾವಣೆ ಮಾಡಿದ ಮೇಲೆ 'ಎಸ್‌ಎಚ್' ಜೊತೆ 'ಇಟಿಸಿ' ಒಳಗಿನ 'ನೆಟ್‌ಸ್ಟಾರ್ಟ್' ಓಡಿಸಿದರೆ ಸಾಕು, ರೀಬೂಟ್ ಬೇಕಿಲ್ಲ.

ನಮ್ಮ ವೈಫೈ ಹೆಸರು ಕನ್ನಡದಲ್ಲಿದೆ. ಸ್ಕ್ಯಾನ್‌ನಲ್ಲಿ ಏನೇನೋ ಅಂಕಿ ಬರುತ್ತಿದೆ.

ಅದು ನಿಮ್ಮದೇ ನೆಟ್‌ವರ್ಕ್. ಐಎಫ್‌ಕಾನ್ಫಿಗ್ ಕನ್ನಡ ಅಕ್ಷರಗಳನ್ನು ಹಾಗೇ ತೋರಿಸುವುದಿಲ್ಲ, 0ಎಕ್ಸ್ ಅಂತ ಶುರುವಾಗುವ ಹದಿನಾರರ ಲೆಕ್ಕದ ಸಾಲಾಗಿ ತೋರಿಸುತ್ತದೆ. ಆ ಸಾಲನ್ನು ಪೂರ್ತಿಯಾಗಿ ನಕಲು ಮಾಡಿ ಜಾಯಿನ್ ಮುಂದೆ ಹಾಕಿದರೆ ಅದನ್ನೇ ಹೆಸರು ಅಂತ ಒಪ್ಪುತ್ತದೆ.

ಹೆಸರಿನ ಮಿತಿ 32 ಬೈಟ್. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರ, ಗುಣಿತದ ಚಿಹ್ನೆ, ಒತ್ತಿಗೆ ಬೇಕಾದ ವಿರಾಮ ಚಿಹ್ನೆ ಎಲ್ಲಕ್ಕೂ ಮೂರು ಮೂರು ಬೈಟ್ ಬೇಕು. 'ಅಜ್ಜಿಮನೆ' ಅಂದರೆ 24 ಬೈಟ್, ಹಿಡಿಸುತ್ತದೆ. 'ನಮ್ಮ ಮನೆ ವೈಫೈ' ಅಂದರೆ 35, ಹಿಡಿಸುವುದಿಲ್ಲ.

ವೈಫೈ ಬಂತು, ಆದರೆ ಫೋನಿಗಿಂತ ತುಂಬಾ ನಿಧಾನ.

ಐಎಫ್‌ಕಾನ್ಫಿಗ್ ಕೊಟ್ಟಾಗ ಬರುವ 'ಮೀಡಿಯಾ' ಸಾಲು ನೋಡಿ. ವೈಫೈನ ವೇಗದ ಬಗೆಯಾದ 11ಎಸಿ ಅಂತ ಇದ್ದರೆ ಕಾರ್ಡ್ ಚೆನ್ನಾಗಿಯೇ ಓಡುತ್ತಿದೆ. 'ಐಡಬ್ಲ್ಯೂಎಂ', 'ಐಡಬ್ಲ್ಯೂಎಕ್ಸ್' ಡ್ರೈವರ್‌ಗಳಿಗೆ 11ಎಸಿ ಬಂದದ್ದು 2022ರ 7.1 ಆವೃತ್ತಿಯಲ್ಲಿ, ಅದಕ್ಕಿಂತ ಹಳೆಯದು ಇಟ್ಟುಕೊಂಡಿದ್ದರೆ ಅಪ್‌ಗ್ರೇಡ್ ಮಾಡಿ. ಹಳೆಯ ಬಗೆಯಾದ 11ಜಿ ಅಂತ ಇದ್ದರೆ ಹೇಳಿಕೊಳ್ಳುವ ವೇಗವೇ 54 ಮೆಗಾಬಿಟ್, ಕೈಗೆ ಸಿಗುವುದು ಅದರ ಅರ್ಧಕ್ಕಿಂತ ಕಡಿಮೆ. ಡಬ್ಬಿಯ ಮೇಲೆ ಏನೇ ಬರೆದಿರಲಿ, ಡ್ರೈವರ್‌ಗೆ ಎಷ್ಟು ಬರುತ್ತದೋ ಅಷ್ಟೇ.

ವರ್ಚುವಲ್‌ಬಾಕ್ಸ್‌ನಲ್ಲಿ ಹಾಕಿದ್ದೇನೆ, ವೈಫೈ ಕಾರ್ಡ್ ಕಾಣುತ್ತಿಲ್ಲ.

ಕಾಣುವುದಿಲ್ಲ. ವರ್ಚುವಲ್ ಯಂತ್ರಕ್ಕೆ ಕೇಬಲ್ ನೆಟ್‌ವರ್ಕ್ ಇರುವ ಹಾಗೆ ತೋರಿಸುತ್ತಾರೆ. ಇಂಟರ್ನೆಟ್ ಅದರಿಂದಲೇ ಬರುತ್ತದೆ.

ಕಾಲೇಜಿನ ಎಜುರೋಮ್ ವೈಫೈಗೆ ಯೂಸರ್‌ನೇಮ್ ಕೂಡ ಕೇಳುತ್ತದೆ. ಎಲ್ಲಿ ಹಾಕಲಿ?

ಬೇಸ್ ಸಿಸ್ಟಂನಲ್ಲಿ, ಅಂದರೆ ಮೊದಲು ಇನ್‌ಸ್ಟಾಲ್ ಆಗುವುದರಲ್ಲಿ, ಅದಕ್ಕೆ ಜಾಗ ಇಲ್ಲ. 'ಡಬ್ಲ್ಯೂಪಿಎ_ಸಪ್ಲಿಕಂಟ್' ಅನ್ನುವ ಪ್ಯಾಕೇಜ್ ಹಾಕಿಕೊಂಡು ಯೂಸರ್‌ನೇಮ್, ಪಾಸ್‌ವರ್ಡ್ ಅದರ ಫೈಲಿನಲ್ಲಿ ಬರೆಯಬೇಕು. ಐಎಫ್‌ಕಾನ್ಫಿಗ್‌ಗೆ ಈ ನೆಟ್‌ವರ್ಕ್ 802.1ಎಕ್ಸ್ ಬಗೆಯದ್ದು ಅಂತಲೂ ಹೇಳಬೇಕು. ಪ್ಯಾಕೇಜನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಿ.

ನನ್ನ ಕಾರ್ಡ್‌ಗೆ ಡ್ರೈವರ್ ಬರಲಿ ಅಂತ ಯಾರನ್ನು ಕೇಳಲಿ?

ಬರೀ 'ಡ್ರೈವರ್ ಬೇಕು' ಅಂತ ಪತ್ರ ಬರೆದರೆ ಉತ್ತರ ಬರುವುದು ಕಷ್ಟ. ಓಪನ್‌ಬಿಎಸ್‌ಡಿಯವರಿಗೆ ನಿಮ್ಮ ಪೂರ್ತಿ ಡಿಎಂಇಎಸ್‌ಜಿ ಕಳಿಸಿ, ಯಾವ ಯಂತ್ರಗಳಲ್ಲಿ ಏನು ಓಡುತ್ತಿದೆ ಅಂತ ತಿಳಿಯಲು ಅವರೇ ಅದನ್ನು ಕೇಳುತ್ತಾರೆ. ಇರುವ ಡ್ರೈವರ್ ಕೆಟ್ಟು ಕೂತರೆ 'ಸೆಂಡ್‌ಬಗ್' ಕಮಾಂಡ್ ವರದಿಯ ನಮೂನೆಯನ್ನೇ ತೆರೆದುಕೊಡುತ್ತದೆ. ಅದಕ್ಕೂ ಮುಂಚೆ ಸ್ನ್ಯಾಪ್‌ಶಾಟ್ ಅನ್ನುವ ದಿನನಿತ್ಯದ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಹಾಕಿ ನೋಡಿ. ಎಷ್ಟೋ ಸಲ ತೊಂದರೆ ಅಲ್ಲಿ ಆಗಲೇ ಸರಿಯಾಗಿರುತ್ತದೆ.

ಬ್ಲೂಟೂತ್?

ಇಲ್ಲ. 2014ರಲ್ಲಿ ಆ ಕೋಡನ್ನೇ ತೆಗೆದುಹಾಕಿದರು, ನೋಡಿಕೊಳ್ಳುವವರು ಇರಲಿಲ್ಲ. ಹಾಡು ಕೇಳಲು ಬ್ಲೂಟೂತ್ ಹೆಡ್‌ಫೋನ್ ಬೇಕೇ ಬೇಕು ಅಂದರೆ, ಕಂಪ್ಯೂಟರ್‌ಗೆ ಯುಎಸ್‌ಬಿ ಸೌಂಡ್ ಕಾರ್ಡ್ ತರಹ ಕಾಣುವ ಟ್ರಾನ್ಸ್‌ಮಿಟರ್‌ಗಳು ಸಿಗುತ್ತವೆ. ಹೆಡ್‌ಫೋನ್ ಜೊತೆ ಜೋಡಿಯಾಗುವ ಕೆಲಸವನ್ನು ಅವೇ ನೋಡಿಕೊಳ್ಳುತ್ತವೆ. ಇಲ್ಲವಾದರೆ ವೈರ್ ಇರುವುದನ್ನೇ ಹಾಕಿಕೊಳ್ಳಿ.